ಭೇದವರಿತ ಬೋಧನೆ



ಉಪಾಧ್ಯಾಯರನ್ನು ತಯಾರುಮಾಡುವ ಶಾಲೆಗಳಲ್ಲಿ ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತುಂಟು. ಇಂಗ್ಲಿಷಿನಲ್ಲಿ ಅದನ್ನು ಡಿಫರೆನ್ಷಿಯೇಟೆಡ್ ಇನ್‌ಸ್ಟ್ರಕ್ಷನ್ ಎನ್ನುತ್ತಾರೆ. ಒಂದೇ ತರಗತಿಯಲ್ಲಿ ಕುಳಿತ ಮಕ್ಕಳ ಸಿದ್ಧತೆ, ವೇಗ, ಮನೆಮಾತು, ಆಸಕ್ತಿ ಇವು ಒಂದೇ ಬಗೆಯಾಗಿರುವುದಿಲ್ಲವಾದ್ದರಿಂದ ಅವರಿಗೆ ಕಲಿಸುವ ಕ್ರಮವೂ ಒಂದೇ ಬಗೆಯಾಗಿರಲಾಗದು ಎಂಬುದು ಅದರ ತಾತ್ಪರ್ಯ. ಅಮೆರಿಕದ ಕ್ಯಾರಲ್ ಆನ್ ಟಾಮ್ಲಿನ್‌ಸನ್ ಎಂಬ ವಿದುಷಿ 1999ರಲ್ಲಿ ಈ ವಿಷಯವಾಗಿ ಒಂದು ಗ್ರಂಥವನ್ನು ಪ್ರಕಟಿಸಿದ ಮೇಲೆ ಈ ಹೆಸರು ಬಹುವಾಗಿ ಹರಡಿತು. ನಾವು ಇದನ್ನು ಸದ್ಯಕ್ಕೆ ಭೇದವರಿತ ಬೋಧನೆ ಎಂದು ಕರೆಯೋಣ.

ಈ ಕಸುಬನ್ನು ಹೊಸದಾಗಿ ಕಲಿಯುತ್ತಿರುವವರಿಗೆ ಆ ಮಾತು ಕಿವಿಗೆ ಬಿದ್ದೊಡನೆ ದಿಗಿಲಾಗುವುದು ಸಹಜ. ಮೂವತ್ತು ಮಕ್ಕಳಿಗೆ ಮೂವತ್ತು ಪಾಠಗಳನ್ನು ಹೂಡುವುದು ಮನುಷ್ಯಮಾತ್ರರಿಂದ ಆಗುವ ಕೆಲಸವೇ ಎಂದು ಅವರು ಕೇಳುತ್ತಾರೆ. ಆ ದಿಗಿಲಿಗೆ ಕಾರಣವಿಲ್ಲವೆಂಬುದನ್ನೂ, ನಿಜವಾಗಿ ಅಂಜಬೇಕಾದ ಸಂಗತಿ ಬೇರೊಂದಿದೆಯೆಂಬುದನ್ನೂ ಈ ಹೊತ್ತು ತಮ್ಮಲ್ಲಿ ನಿವೇದಿಸಬೇಕೆಂದಿದ್ದೇನೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಊರನ್ನು ಆರಿಸಿಕೊಳ್ಳೋಣ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಹತ್ತರಗಿಯು ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಘಟಪ್ರಭೆಗೆ ಹಿಡಕಲ್ಲಿನಲ್ಲಿ ಕಟ್ಟಿದ ಅಣೆಕಟ್ಟು, ಸಂಕೇಶ್ವರದ ಸಕ್ಕರೆ ಕಾರ್ಖಾನೆ ಇವು ಅದೇ ತಾಲ್ಲೂಕಿನವು. ಮಹಾರಾಷ್ಟ್ರದ ಗಡಿ ದೂರವಿಲ್ಲ. ಮರಾಠಿ, ಉರ್ದು ಮನೆಮಾತಾಗಿರುವ ಕುಟುಂಬಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕಬ್ಬು ಕಡಿಯುವ ಹಂಗಾಮು ಬಂದಿತೆಂದರೆ ಕೂಲಿಕಾರರ ತಂಡಗಳು ತಿಂಗಳುಗಟ್ಟಲೆ ಊರುಬಿಟ್ಟು ತಿರುಗುತ್ತವೆ; ತಂದೆತಾಯಿಗಳೊಡನೆ ಎಷ್ಟೋ ಮಕ್ಕಳೂ ತಿರುಗುತ್ತವೆ.

ಇಂಥ ಊರಿನ ಕನ್ನಡ ಶಾಲೆಗೆ ಅಭ್ಯಾಸಬೋಧನೆಗಾಗಿ ಬಂದ ಒಬ್ಬ ತರುಣಿಯನ್ನು ಕಲ್ಪಿಸಿಕೊಳ್ಳಿ. ಮೂರನೆಯ ಇಯತ್ತೆ, ಹತ್ತರ ಸ್ಥಾನದಿಂದ ಕಡ ತಂದು ಕಳೆಯುವ ಲೆಕ್ಕ. ರಾತ್ರಿ ಕುಳಿತು ಬರೆದ ಪಾಠಟಿಪ್ಪಣಿ ಆಕೆಯ ಕೈಯಲ್ಲಿದೆ. ಪೀಠಿಕೆ, ನಿರೂಪಣೆ, ಪ್ರಶ್ನೆ, ಪುನರಾವರ್ತನೆ ಎಲ್ಲವೂ ಯಥಾಕ್ರಮವಾಗಿ ನಡೆದುವು. ಕರಿಹಲಗೆಯ ಬರೆವಣಿಗೆ ಮುತ್ತಿನಂತಿತ್ತು. ಕಡೆಗೆ ಆಕೆ ಒಂದು ಲೆಕ್ಕ ಹೇಳಿದಳು: ಬುಟ್ಟಿಯಲ್ಲಿ 42 ಪೇರಲಹಣ್ಣು ಇದ್ದುವು, 17ನ್ನು ಮಾರಿದರು, ಉಳಿದುವೆಷ್ಟು?

ಪಾಟಿಗಳನ್ನು ನೋಡೋಣ. ಒಬ್ಬ ಹುಡುಗನ ಉತ್ತರ 35. ಎರಡರಲ್ಲಿ ಏಳು ಹೋಗದೆಂದು ಕಂಡು ಅವನು ಏಳರಲ್ಲಿ ಎರಡನ್ನು ಕಳೆದಿದ್ದಾನೆ. ಕಳೆಯುವುದು ಅವನಿಗೆ ಬರುತ್ತದೆ. ಅಂಕೆಗೆ ಸ್ಥಾನದಿಂದ ಬೆಲೆ ಬರುವುದೆಂಬುದು ಇನ್ನೂ ಬಂದಿಲ್ಲ. ಎರಡನೆಯವಳು 42ನ್ನು 24 ಎಂದು ಬರೆದುಕೊಂಡಿದ್ದಾಳೆ. ಅವಳ ಮನೆಮಾತು ಮರಾಠಿ. ಕನ್ನಡದಲ್ಲಿ ನಲವತ್ತೆರಡು ಎಂದಾಗ ಹತ್ತುಗಳು ಮೊದಲು, ಬಿಡಿಗಳು ಆಮೇಲೆ. ಮರಾಠಿಯ ಬೇಚಾಳೀಸದಲ್ಲಿ ಎರಡು ಮೊದಲು, ನಲವತ್ತು ಆಮೇಲೆ. ಎರಡು ನುಡಿಗಳ ನಡುವೆ ಮಗು ಎಡವಿದರೆ ಆಶ್ಚರ್ಯವೇನು? ಮೂರನೆಯವನು ಹಂಗಾಮು ಮುಗಿಸಿ ಈಗತಾನೇ ಶಾಲೆಗೆ ಮರಳಿದ್ದಾನೆ. ಅವನ ಪಾಟಿ ಬರಿದಾಗಿದೆ. ನಾಲ್ಕನೆಯವಳು ಆಗಲೇ 25 ಎಂದು ಬರೆದು, ಮಾಡಲು ಬೇರೇನೂ ಇಲ್ಲದೆ ಪಕ್ಕದವಳ ಜಡೆ ಎಳೆಯುತ್ತಿದ್ದಾಳೆ.

ವಾಡಿಕೆಯಂತೆ ಮೊದಲ ಮೂವರಿಗೆ ಒಂದೇ ತಪ್ಪುಗುರುತು ಬೀಳುತ್ತದೆ. ನಾಲ್ಕನೆಯವಳಿಗೆ ಬೈಗುಳ ಸಿಗುತ್ತದೆ. ಆದರೆ ಮೂವರ ಕೊರತೆ ಮೂರು ಬಗೆಯದು. ಮೊದಲನೆಯವನಿಗೆ ಹತ್ತು ಹತ್ತು ಕಡ್ಡಿಗಳ ಕಟ್ಟುಗಳನ್ನು ಕೊಟ್ಟು, ಒಂದು ಕಟ್ಟನ್ನು ಬಿಚ್ಚಿ ಬಿಡಿಗಳೊಡನೆ ಕೂಡಿಸಲು ಹೇಳಿದರೆ ಸಾಕು. ಎರಡನೆಯವಳನ್ನು ಎರಡು ಭಾಷೆಯನ್ನೂ ಬಲ್ಲ ಗೆಳತಿಯ ಪಕ್ಕದಲ್ಲಿ ಕೂರಿಸಿ, ಸಂಖ್ಯೆಗಳನ್ನು ಬಾಯಲ್ಲಿ ಹೇಳುತ್ತ ಬರೆಯಲು ಬಿಡಬೇಕು. ಮೂರನೆಯವನ ಬಳಿ ಉಪಾಧ್ಯಾಯಿನಿ ತಾನೇ ಕುಳಿತು ಅವನಿಗೆ ಎಲ್ಲಿಯವರೆಗೆ ಬರುತ್ತದೆಂದು ಹುಡುಕಬೇಕು. ನಾಲ್ಕನೆಯವಳಿಗೆ, ಉತ್ತರ 25 ಬರುವಂತೆ ನೀನೇ ಮೂರು ಲೆಕ್ಕ ಕಟ್ಟು ಎಂದರೆ ಅವಳ ಚುರುಕಿಗೆ ದಾರಿಯಾಯಿತು. ಗುರಿ ಎಲ್ಲರಿಗೂ ಒಂದೇ. ಹತ್ತುವ ಮೆಟ್ಟಿಲು ಮಾತ್ರ ಬೇರೆ. ತರಗತಿಯಲ್ಲಿ ಮಕ್ಕಳೆಷ್ಟೇ ಇದ್ದರೂ ಒಂದು ಪಾಠದಲ್ಲಿ ಅವರು ಎಡವುವ ಜಾಗಗಳು ಸಾಮಾನ್ಯವಾಗಿ ಮೂರೋ ನಾಲ್ಕೋ. ಮೂವತ್ತು ಪಾಠಗಳ ದಿಗಿಲು ಇಲ್ಲಿಗೆ ಕರಗಿತು. ಬೇಕಾದುದು ಮಗುವಿನ ತಪ್ಪನ್ನು ಓದುವ ಕಣ್ಣು.

ಇದು ಹೊರಗಿನಿಂದ ಬಂದ ಪದ್ಧತಿಯೆಂದು ಕೆಲವರು ಮೂಗು ಮುರಿಯುವುದುಂಟು. ಅವರು ನಮ್ಮ ನಾಡಿನ ಹಳೆಯ ಮಠಗಳನ್ನು ನೆನೆಯಬೇಕು. 1623ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿಯೂ ಬಂದಿದ್ದನು. ಘಟ್ಟದ ಮೇಲಿನ ಒಂದು ಗುಡಿಯ ಪಡಸಾಲೆಯಲ್ಲಿ ನಾಲ್ವರು ಹುಡುಗರು ಗುರುವಿಲ್ಲದೆ ಲೆಕ್ಕದ ಪಾಠವನ್ನು ರಾಗವಾಗಿ ಹೇಳುತ್ತ, ನೆಲದ ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದುದನ್ನು ಅವನು ಕಂಡನು. ತಪ್ಪಿದರೆ ತಿದ್ದುವವರು ಯಾರೆಂದು ಕೇಳಲು, ಒಂದೇ ಕಡೆಯಲ್ಲಿ ನಾಲ್ವರೂ ಒಟ್ಟಿಗೆ ಮರೆಯುವುದುಂಟೇ ಎಂಬ ಅರ್ಥದಲ್ಲಿ ಅವರು ಉತ್ತರ ಕೊಟ್ಟರಂತೆ. ಸಹಪಾಠಿಯೇ ಗುರುವಾಗುವ ತತ್ತ್ವ ಆ ಉತ್ತರದಲ್ಲಿದೆ. ಇನ್ನೂರು ವರ್ಷಗಳ ಮೇಲೆ, 1823ರಲ್ಲಿ, ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ 533 ಶಾಲೆಗಳನ್ನೂ ಅವುಗಳ 6,641 ವಿದ್ಯಾರ್ಥಿಗಳನ್ನೂ ಕುರಿತು ವರದಿ ಬರೆದನು. ಶಾಲೆಗೆ ಹನ್ನೆರಡರಂತೆ ಮಕ್ಕಳು. ಮುಂದಿನವರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದ ಕ್ರಮವನ್ನು ಅವನು ಮನಸಾರೆ ಮೆಚ್ಚಿದ್ದಾನೆ.

ಹಳೆಯದನ್ನು ಹೊಗಳುವಾಗ ಅದರ ಕುಂದನ್ನೂ ಹೇಳಬೇಕು. ಆ ಮಠಗಳಲ್ಲಿ ಮಗುವಿನ ವೇಗಕ್ಕೆ ಮನ್ನಣೆಯಿತ್ತು. ಎಲ್ಲ ಮಕ್ಕಳಿಗೂ ಪ್ರವೇಶವಿರಲಿಲ್ಲ. ಹೆಣ್ಣುಮಕ್ಕಳು ಅತ್ಯಲ್ಪ, ಕೆಳಗಿನವರೆನಿಸಿಕೊಂಡ ಜಾತಿಗಳ ಮಕ್ಕಳಿಗೆ ಬಹುಮಟ್ಟಿಗೆ ಬಾಗಿಲು ಮುಚ್ಚಿತ್ತು. ಅನಂತರ ಬಂದ ಸರಕಾರಿ ಶಾಲೆ ನಿಧಾನವಾಗಿಯಾದರೂ ಬಾಗಿಲನ್ನು ತೆರೆಯಿತು. ಆದರೆ ಇಯತ್ತೆ, ಪಠ್ಯಪುಸ್ತಕ, ವರ್ಷಾಂತ್ಯದ ಪರೀಕ್ಷೆ ಎಂಬ ಕಟ್ಟುಪಾಡಿನಲ್ಲಿ ಎಲ್ಲರೂ ಒಂದೇ ದಿನ ಒಂದೇ ಪುಟದಲ್ಲಿರಬೇಕೆಂದು ವಿಧಿಸಿತು. ಎಲ್ಲರಿಗೂ ಬಾಗಿಲು, ಪ್ರತಿಯೊಬ್ಬರಿಗೂ ಅವರವರ ನಡಿಗೆ, ಇವೆರಡನ್ನೂ ಕೂಡಿಸುವುದು ನಮ್ಮ ಕಾಲಕ್ಕೆ ಉಳಿದ ಕೆಲಸ.

ಈ ಕೆಲಸದಲ್ಲಿ ಕನ್ನಡನಾಡು ಹಿಂದೆ ಬಿದ್ದಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಉಪಾಧ್ಯಾಯರು ಋಷಿ ಕಣಿವೆಯ ಗ್ರಾಮಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕ್ರಮವನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಹಬ್ಬಿತು. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಒಂದು ಕಲಿಕಾ ಏಣಿಯನ್ನಾಗಿ ಜೋಡಿಸುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಅಕ್ಷರಗಳು ಕೂಡ ವರ್ಣಮಾಲೆಯ ಸಾಲಿನಲ್ಲಿ ಬರದೆ, ಬರೆಯಲು ಸುಲಭವಾದ ಆಕಾರಗಳ ಜಾಡು ಹಿಡಿದು ರ, ಗ, ಸ, ದ, ಅ ಎಂದು ಮೊದಲಾಗುತ್ತವೆ. ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ: ಉಪಾಧ್ಯಾಯರ ಪೂರ್ಣ ನೆರವು ಬೇಕಾದವರು, ಅಲ್ಪ ನೆರವು ಸಾಕಾದವರು, ಸಹಪಾಠಿಯ ಪೂರ್ಣ ನೆರವಿನಿಂದ ಕಲಿಯುವವರು, ಅಲ್ಪ ನೆರವಿನಿಂದ ಕಲಿಯುವವರು, ತಾವಾಗಿಯೇ ಕಲಿಯುವವರು. ತಿಂಗಳುಗಟ್ಟಲೆ ಗೈರುಹಾಜರಾದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಕಬ್ಬಿನ ಸೀಮೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರವೇನಿದೆ?

ಇದು ಕೇವಲ ದಯೆಯ ಮಾತೂ ಅಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆಯ 24ನೆಯ ಪ್ರಕರಣವು, ಪ್ರತಿಯೊಂದು ಮಗುವಿನ ಕಲಿಕೆಯ ಶಕ್ತಿಯನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚಿನ ಬೋಧನೆಯನ್ನು ಒದಗಿಸುವುದು ಉಪಾಧ್ಯಾಯರ ಕರ್ತವ್ಯವೆಂದು ವಿಧಿಸಿದೆ. ಬರಿದಾದ ಪಾಟಿ ಹಿಡಿದ ಹುಡುಗನಿಗೆ ಅದು ಹಕ್ಕು.

ಇನ್ನು, ಅಂಜಬೇಕಾದ ಸಂಗತಿಗೆ ಬರುತ್ತೇನೆ. ಭೇದವನ್ನು ಅರಿಯುವುದು ಬೇರೆ, ಭೇದವನ್ನು ಮಾಡುವುದು ಬೇರೆ. ಇವುಗಳ ನಡುವಣ ಗೆರೆ ಬಹಳ ತೆಳುವಾದುದು. ಲೆಕ್ಕದಲ್ಲಿ ನೆರವು ಬೇಕಾದ ಮಗುವನ್ನು ಇಂದು ಒಂದು ಗುಂಪಿನಲ್ಲಿ ಕೂರಿಸಿದೆವು. ನಾಳೆಯೂ, ನಾಡಿದ್ದೂ, ಭಾಷೆಯಲ್ಲಿಯೂ, ಹಾಡಿನಲ್ಲಿಯೂ ಅದನ್ನು ಅಲ್ಲೇ ಕೂರಿಸಿದರೆ ಗುಂಪು ಹೋಗಿ ದಡ್ಡರ ಸಾಲಾಯಿತು. ಮೇಲುಕೀಳುಗಳನ್ನು ಹುಟ್ಟಿನಿಂದಲೇ ಎಣಿಸುವ ಅಭ್ಯಾಸವಿರುವ ಸಮಾಜದಲ್ಲಿ ಆ ಸಾಲು ಯಾವ ಕೇರಿಯ ಮಕ್ಕಳಿಂದ ತುಂಬುವುದೆಂದು ಊಹಿಸುವುದು ಕಷ್ಟವಲ್ಲ. ತಟ್ಟೆಗೆ ಯಾವ ಹೆಸರಿಟ್ಟರೂ ಮಕ್ಕಳಿಗೆ ಅದರ ಅರ್ಥ ಎರಡೇ ದಿನದಲ್ಲಿ ತಿಳಿದುಬಿಡುತ್ತದೆ. ಆದಕಾರಣ ಗುಂಪು ಹರಿಯುವ ನೀರಿನಂತಿರಬೇಕು. 35 ಎಂದು ಬರೆದ ಹುಡುಗ ವಾರ ಕಳೆಯುವುದರೊಳಗೆ ಬೇರೊಂದು ಗುಂಪಿಗೆ ದಾಟಿರಬೇಕು. ಮರಾಠಿ ಮನೆಯ ಹುಡುಗಿ, ನೆರವು ಪಡೆದಂತೆಯೇ, ಯಾವುದಾದರೊಂದು ವಿಷಯದಲ್ಲಿ ನೆರವು ಕೊಡುವವಳೂ ಆಗಬೇಕು. ಹಾಗಾಗದಿದ್ದರೆ ಒಂದೇ ಪಾಠವನ್ನು ಎಲ್ಲರಿಗೂ ಹೇಳುವ ಹಳೆಯ ರೀತಿಯೇ ಮೇಲು. ಅದು ಮಗುವನ್ನು ಮರೆಯುತ್ತದೆ, ಆದರೆ ಹಣೆಗೆ ಮುದ್ರೆ ಒತ್ತುವುದಿಲ್ಲ.

ಮತ್ತೊಂದು ಅಪಾಯ, ಕ್ರಮವು ಬರಿಯ ಆಚಾರವಾಗುವುದು. ತಟ್ಟೆ ಐದು ಇವೆ, ಕಾರ್ಡುಗಳಿವೆ, ದಾಖಲೆ ತುಂಬಿದೆ. ಮಗುವನ್ನು ಮಾತ್ರ ಯಾರೂ ನೋಡಿಲ್ಲ. ಮೂರು ತರಗತಿಗಳನ್ನು ಒಬ್ಬರೇ ನಡೆಸುವ ಉಪಾಧ್ಯಾಯರಿಗೆ ನೋಡುವಷ್ಟು ಬಿಡುವನ್ನೂ ನಾವು ಒದಗಿಸಬೇಕು. ಕಾಗದದ ಕೆಲಸ ಒಂದಷ್ಟು ಇಳಿದರೆ ಕಣ್ಣಿನ ಕೆಲಸಕ್ಕೆ ವೇಳೆ ಸಿಕ್ಕೀತು.

ತರಬೇತಿ ಕೊಡುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಅಭ್ಯಾಸಪಾಠ ಮುಗಿದ ಮೇಲೆ ಟಿಪ್ಪಣಿಯ ಅಂದವನ್ನೂ ಹಲಗೆಯ ಬರಹವನ್ನೂ ಅಳೆಯುತ್ತೇವೆ. ಅದರ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳೋಣ: ಇಂದು ಯಾವ ಮಗು ಎಲ್ಲಿ ಎಡವಿತು, ನಾಳೆ ಅದಕ್ಕೇನು ಮಾಡುವೆ? ಉತ್ತರ ಹೇಳಬಲ್ಲವಳು ಉಪಾಧ್ಯಾಯಿನಿಯಾಗುವ ದಾರಿಯಲ್ಲಿದ್ದಾಳೆ. ಪಟ್ಟಣದ ತಂದೆತಾಯಿಗಳಾದ ತಮ್ಮಲ್ಲಿಯೂ ಅಷ್ಟೇ ಪ್ರಾರ್ಥನೆ. ಶಾಲೆಗೆ ಹೋದಾಗ ನಮ್ಮ ಮಗು ಎಷ್ಟನೆಯದು ಎಂದು ಕೇಳುವುದನ್ನು ಬಿಟ್ಟು, ಹೋದ ತಿಂಗಳು ಬಾರದಿದ್ದುದು ಈ ತಿಂಗಳು ಏನು ಬಂದಿದೆ ಎಂದು ಕೇಳಿ. ಆ ಪ್ರಶ್ನೆಗೆ ಸಿದ್ಧವಾಗಿರಬೇಕಾದ ಶಾಲೆ ತನ್ನಷ್ಟಕ್ಕೆ ತಾನೇ ಪ್ರತಿಯೊಂದು ಮಗುವನ್ನೂ ನೋಡಲು ಕಲಿಯುತ್ತದೆ.