ದೂರದಿಂದ ದುಡಿಯುವವರ ಲೆಕ್ಕ



ನಮ್ಮ ಹಿರಿಯರು ಕೊಲ್ಲಿಗೆ ಹೋದದ್ದು ಅಲ್ಲಿಯ ಮಾಲಕ ಕಳುಹಿಸಿದ ವೀಸಾದಲ್ಲಿ. ಇಂದಿನ ಯುವಕ ದುಬೈಯ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಂಪೆನಿಗೆ ದುಡಿಯಬಲ್ಲನು. ಆದರೆ ಸಂದರ್ಶಕ ವೀಸಾ ದುಡಿಮೆಯ ಪರವಾನಿಗೆಯಲ್ಲ. ಇಂಥವರಿಗೆಂದೇ ದುಬೈ 2020ರಲ್ಲಿ ಒಂದು ವರ್ಷದ ಪ್ರತ್ಯೇಕ ವೀಸಾವನ್ನು ಪ್ರಕಟಿಸಿತು.

ಅಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ. ಆದ್ದರಿಂದ ಇಲ್ಲಿಯೂ ಇಲ್ಲವೆಂದು ಭಾವಿಸುವುದು ತಪ್ಪು. ಆರ್ಥಿಕ ವರ್ಷವೊಂದರಲ್ಲಿ 182 ದಿನ ಭಾರತದಲ್ಲಿದ್ದವನು ಇಲ್ಲಿಯ ನಿವಾಸಿಯೆನಿಸುತ್ತಾನೆ. ಹೊರಗಿನ ಗಳಿಕೆಗೂ ತೆರಿಗೆ ಬೀಳಬಹುದು. ಅನಿವಾಸಿಯೇ ಆದರೂ, ಸಂಬಳ ನೇರವಾಗಿ ಇಲ್ಲಿಯ ಖಾತೆಗೆ ಜಮೆಯಾದರೆ ತೆರಿಗೆಯ ಪ್ರಶ್ನೆ ಏಳುತ್ತದೆ. ಅಲ್ಲಿ ಪಡೆದು ಮನೆಗೆ ಕಳುಹಿಸಿದ ಹಣದ ಮಾತು ಬೇರೆ.

ತಾಯಂದಿರೇ, ಮಗ ಎಷ್ಟು ಕಳುಹಿಸಿದನೆಂದು ಕೇಳುವ ಮೊದಲು, ಯಾವ ವೀಸಾದಲ್ಲಿದ್ದಾನೆ, ಊರಲ್ಲಿ ಎಷ್ಟು ದಿನ ಕಳೆದನೆಂದು ವಿಚಾರಿಸಿರಿ.