ದೊಡ್ಡ ಸಂಖ್ಯೆಯೊಂದರ ಪರೀಕ್ಷೆ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇಂದು ತಮ್ಮ ಮುಂದೆ ಒಂದೇ ಒಂದು ಸಂಖ್ಯೆಯನ್ನು ಕುರಿತು ಮಾತನಾಡಬೇಕೆಂದಿದ್ದೇನೆ. ಅದು 429 ಕೋಟಿ 49 ಲಕ್ಷ 67 ಸಾವಿರದ 297, ಅಂಕಗಳಲ್ಲಿ 4294967297. ಇದು ಹುಟ್ಟುವ ಬಗೆ ಬಹು ಸುಲಭವಾದುದು. 2ನ್ನು 2ರಿಂದ ಗುಣಿಸಿದರೆ 4. 4ನ್ನು 4ರಿಂದ ಗುಣಿಸಿದರೆ 16. ಹೀಗೆ ಬಂದ ಫಲವನ್ನು ಅದರಿಂದಲೇ ಗುಣಿಸುತ್ತ ಹೋದರೆ 256, 65536, 4294967296 ದೊರೆಯುತ್ತವೆ. 2ರಿಂದ ಮೊದಲುಗೊಂಡು ಇವುಗಳಿಗೆ ಒಂದೊಂದನ್ನು ಕೂಡಿಸಿರಿ: 3, 5, 17, 257, 65537, ಕೊನೆಗೆ ನಮ್ಮ ಸಂಖ್ಯೆ.

ಮೊದಲಿನ ಐದೂ ಅವಿಭಾಜ್ಯ ಸಂಖ್ಯೆಗಳು. ಎಂದರೆ, 1ರಿಂದ ಮತ್ತು ತಮ್ಮಿಂದಲೇ ಹೊರತು ಬೇರಾವುದರಿಂದಲೂ ಅವು ನಿಶ್ಶೇಷವಾಗಿ ಭಾಗವಾಗವು. ಇದನ್ನು ಕಂಡ ಫ್ರಾನ್ಸ್ ದೇಶದ ಮಹಾ ಗಣಿತಜ್ಞ ಫರ್ಮಾ, ಈ ಸಾಲಿನ ಸಂಖ್ಯೆಗಳೆಲ್ಲವೂ ಅವಿಭಾಜ್ಯಗಳೆಂದು 1640ರಲ್ಲಿ ಅಭಿಪ್ರಾಯಪಟ್ಟನು. ತನ್ನಲ್ಲಿ ಪೂರ್ಣ ಸಾಧನೆಯಿಲ್ಲವೆಂದೂ ಆತನು ಪ್ರಾಮಾಣಿಕವಾಗಿ ಬರೆದನು. ಆದರೂ ಅಷ್ಟು ದೊಡ್ಡವನ ಮಾತು ಸುಮಾರು ತೊಂಬತ್ತು ವರ್ಷಗಳ ಕಾಲ ಹಾಗೆಯೇ ನಿಂತಿತು.

1732ರಲ್ಲಿ ಇಪ್ಪತ್ತೈದು ವರ್ಷದ ಆಯ್ಲರ್ ಎಂಬ ತರುಣನು ನಮ್ಮ ಸಂಖ್ಯೆಯು 641 ಮತ್ತು 6700417 ಇವುಗಳ ಗುಣಲಬ್ಧವೆಂದು ತೋರಿಸಿದನು. ಸಿಕ್ಕ ಸಿಕ್ಕ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡುವುದಾದರೆ ಆರು ಸಾವಿರಕ್ಕೂ ಹೆಚ್ಚು ಸಲ ಭಾಗಿಸಬೇಕಾದೀತು. ಆದರೆ ಇದರ ಅವಿಭಾಜ್ಯ ಭಾಜಕವು 64ರ ಯಾವುದಾದರೊಂದು ಗುಣಕಕ್ಕಿಂತ ಒಂದು ಹೆಚ್ಚಾಗಿರಲೇಬೇಕೆಂದು ಆಯ್ಲರನೇ ಮುಂದೆ ಸಾಧಿಸಿದನು. ಅಂತಹ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನದಲ್ಲಿಯೇ ಭಾಜಕವು ಸಿಕ್ಕುತ್ತದೆ!

ವಿದ್ಯಾರ್ಥಿಗಳೇ, ಇದನ್ನು ನೀವೂ ಪರೀಕ್ಷಿಸಬಹುದು. 65536ನ್ನು 641ರಿಂದ ಭಾಗಿಸಿದರೆ ಶೇಷ 154. 65536ರ ವರ್ಗದ ಶೇಷವನ್ನು ತಿಳಿಯಲು ಈ 154ರ ವರ್ಗವನ್ನು ಭಾಗಿಸಿದರೆ ಸಾಕು. 154ರ ವರ್ಗ 23716. ಅದನ್ನು 641ರಿಂದ ಭಾಗಿಸಿದರೆ ಶೇಷ 640. ಅದಕ್ಕೆ ಒಂದನ್ನು ಕೂಡಿಸಿದರೆ 641, ಶೇಷವೇನೂ ಉಳಿಯದು.

ಈ ಸಾಲಿನಲ್ಲಿ ಮುಂದಿನ ಇಪ್ಪತ್ತೇಳು ಸಂಖ್ಯೆಗಳೂ ಅವಿಭಾಜ್ಯಗಳಲ್ಲವೆಂದು ಈಗ ಸಿದ್ಧವಾಗಿದೆ. ಆರನೆಯ ಅವಿಭಾಜ್ಯವು ಎಲ್ಲಿಯಾದರೂ ಉಂಟೇ ಎಂಬ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ.

ಪೋಷಕರಲ್ಲಿ ನನ್ನದೊಂದು ವಿನಂತಿ. ಮಗುವು "ಇದು ಹೀಗೇಕೆ?" ಎಂದು ಕೇಳಿದಾಗ, "ದೊಡ್ಡವರು ಹೇಳಿದ್ದಾರೆ, ಸುಮ್ಮನಿರು" ಎನ್ನಬೇಡಿರಿ, "ಬಾ, ಲೆಕ್ಕ ಮಾಡಿ ನೋಡೋಣ" ಎನ್ನಿರಿ. ಐದು ಸಲ ನಿಜವಾದುದು ಆರನೆಯ ಸಲವೂ ನಿಜವಾಗಬೇಕೆಂದಿಲ್ಲ. ಅದನ್ನು ಅರಿಯಲು ನಮ್ಮ ಮಕ್ಕಳು ಕನ್ನಡದಲ್ಲಿ ಕಲಿತ ಮಗ್ಗಿ ಮತ್ತು ಭಾಗಾಕಾರಗಳೇ ಸಾಕು.