ಮಳೆಗೆ ಮುನ್ನವೇ ಬೀಳುವ ಆಮ್ಲ



ನಿರ್ಮಲ ಮಳೆನೀರೂ ತುಸು ಆಮ್ಲೀಯವೇ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹನಿಯಲ್ಲಿ ಕರಗುವುದರಿಂದ ಅದರ ಪಿಎಚ್ ಸುಮಾರು 5.6 ಇರುತ್ತದೆ. ಅದಕ್ಕಿಂತ ಕೆಳಗಿಳಿದರೆ ಆಮ್ಲಮಳೆ ಎನ್ನುವುದು ವಾಡಿಕೆ. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರಿತೆಂದೇ ಅರ್ಥ. ಕಲ್ಲಿದ್ದಲಿನಲ್ಲಿರುವ ಗಂಧಕವು ಉರಿದು ಗಂಧಕದ ಡೈಆಕ್ಸೈಡ್ ಆಗುತ್ತದೆ. ಗಾಳಿಯ ಆಮ್ಲಜನಕ ಹಾಗೂ ತೇವದೊಡನೆ ಕೂಡಿ ಗಂಧಕಾಮ್ಲವಾಗುತ್ತದೆ. ವಾಹನಗಳ ಎಂಜಿನ್ನಿನ ತೀವ್ರ ಶಾಖದಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಕೊನೆಗೆ ನೈಟ್ರಿಕ್ ಆಮ್ಲವಾಗುತ್ತವೆ.

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾದಾಗ ಕುಲುಮೆಗೆ ಬಳಸಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಮರದ ಇದ್ದಿಲನ್ನು. ಇದ್ದಿಲಿನಲ್ಲಿ ಗಂಧಕ ಅತ್ಯಲ್ಪ. ಆ ಹೊಗೆಯಲ್ಲಿ ಆಮ್ಲ ಕಡಿಮೆಯಿತ್ತು. ಬೆಲೆ ತೆತ್ತದ್ದು ಕಾಡು. ಕಲ್ಲಿದ್ದಲು ಉರಿಸುವ ಬಾಯ್ಲರುಗಳ ಲೆಕ್ಕವೇ ಬೇರೆ.

ಅಡಿಕೆ ತೋಟದ ಮಣ್ಣು ಹುಳಿಯಾಗಿದೆ ಎಂದೊಡನೆ ಕಾರ್ಖಾನೆಯತ್ತ ಬೆರಳು ತೋರಿಸುವುದುಂಟು. ಅದು ಪೂರ್ಣ ಸತ್ಯವಲ್ಲ. ಜಂಬಿಟ್ಟಿಗೆ ಮಣ್ಣಿನ ಸುಣ್ಣದಂಶವನ್ನು ಜಡಿಮಳೆಯೇ ಬಹುಕಾಲದಿಂದ ತೊಳೆದೊಯ್ದಿದೆ. ಯೂರಿಯಾ, ಅಮೋನಿಯಂ ಗೊಬ್ಬರಗಳ ಪಾಲೂ ಅದರಲ್ಲಿದೆ. ಆದರೆ ಸುಣ್ಣ ಕಳೆದುಕೊಂಡ ಈ ನೆಲಕ್ಕೆ ಮೇಲಿನಿಂದ ಬೀಳುವ ಆಮ್ಲವನ್ನು ತಾಳುವ ಶಕ್ತಿ ಕಡಿಮೆ ಎಂಬುದೇ ಚಿಂತೆಯ ವಿಷಯ. ಮಣ್ಣಿನ ಪಿಎಚ್ 5ಕ್ಕಿಂತ ಕೆಳಗಿಳಿದಂತೆ ಅದರಲ್ಲಿರುವ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಮೊಟಕುಗೊಳಿಸುತ್ತದೆ.

ಆಮ್ಲವು ಮಳೆಯೊಡನೆಯೇ ಇಳಿಯಬೇಕೆಂದೇನೂ ಇಲ್ಲ. ಬೇಸಿಗೆಯುದ್ದಕ್ಕೂ ಅನಿಲವಾಗಿ, ಸೂಕ್ಷ್ಮ ಕಣವಾಗಿ ಎಲೆಯ ಮೇಲೆ, ಮಾಡಿನ ಮೇಲೆ ಒಣದಾಗಿಯೇ ಕೂರುತ್ತದೆ. ಮೊದಲ ಮಳೆ ಅದೆಲ್ಲವನ್ನೂ ಒಮ್ಮೆಗೇ ತೊಳೆದು ತರುತ್ತದೆ. ಸುಣ್ಣದಂಶವಿರುವ ಮಣ್ಣಿನ ಧೂಳು ಈ ಆಮ್ಲವನ್ನು ಒಂದಿಷ್ಟು ಶಮನಗೊಳಿಸುವುದೂ ನಿಜ; ಎಲ್ಲರೂ ಶಪಿಸುವ ಧೂಳಿನಿಂದಲೂ ಇಷ್ಟು ಉಪಕಾರವಿದೆ. ಆಷಾಢದ ಹೊತ್ತಿಗೆ ಆ ಧೂಳೂ ಅಡಗಿರುತ್ತದೆ.

ಚಿಮಣಿಗಳ ತಪಾಸಣೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಊರಂಚಿನಲ್ಲಿ ಸುಡುವ ಕಸ ಮಾತ್ರ ಪಂಚಾಯಿತಿಯ ಹೊಣೆ. ಪಿವಿಸಿ ಪೈಪು, ವಯರಿನ ಹೊದಿಕೆ ಉರಿದಾಗ ಹೊರಡುವ ಹೈಡ್ರೋಜನ್ ಕ್ಲೋರೈಡ್ ತೇವ ತಗುಲಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ಅದು ದೂರ ಹೋಗುವುದಿಲ್ಲ, ಪಕ್ಕದ ಮನೆಯ ಮಾಡಿನ ಮೇಲೆಯೇ ಇಳಿಯುತ್ತದೆ. ಬಯಲಿನಲ್ಲಿ ಕಸ ಸುಡುವುದನ್ನು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ನಿಷೇಧಿಸಿವೆ.

ಶಾಲೆಗಳ ಮಳೆನೀರು ಸಂಗ್ರಹಕ್ಕೂ ಈ ವಿಚಾರ ಅನ್ವಯಿಸುತ್ತದೆ. ಆಮ್ಲೀಯ ನೀರು ತಗಡಿನ ಸತುವಿನ ಲೇಪನವನ್ನು ಕರಗಿಸಿ ತೊಟ್ಟಿಗೆ ಒಯ್ಯುತ್ತದೆ. ಆದುದರಿಂದ ಮೊದಲ ಮಳೆಯ ನೀರನ್ನು ಹೊರಬಿಡುವ ಪ್ರತ್ಯೇಕ ಕೊಳವೆ ಇದೆಯೇ, ಅದರ ಮುಚ್ಚಳ ತೆರೆಯುತ್ತದೆಯೇ ಎಂಬುದನ್ನು ಸದಸ್ಯರು ಮುಂಗಾರಿಗೆ ಮುನ್ನವೇ ಖುದ್ದಾಗಿ ಪರಿಶೀಲಿಸತಕ್ಕದ್ದು.